ಖಾಲಿ ಡಬ್ಬಿ ಕೊಡಬಾರದು

ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿರುವ ನಮ್ಮ ಮನೆಯ ಅಡುಗೆ ಕಪಾಟಿನಲ್ಲಿ ನನ್ನದಲ್ಲದ ಒಂದು ಡಬ್ಬಿ ಇದೆ. ಬಿಳಿ ಎನಾಮಲ್ ಬಳಿದದ್ದು, ಒಂದರ ಮೇಲೊಂದು ಕೂರುವ ಎರಡು ಅಂತಸ್ತು, ಮೇಲೆ ಹಿಡಿಕೆ. ಅಂಚಿಗೆ ನೀಲಿ ಗೆರೆ. ಮನೆಗೆ ಬಂದ ಕನ್ನಡದವರ ಕಣ್ಣು ಚಹಾ ಕುಡಿಯುವಾಗ ಹೇಗೋ ಅದರ ಮೇಲೆ ಬೀಳುತ್ತದೆ.

“ಕ್ಯೂಟ್ ಆಗಿದೆಯಲ್ರೀ. ಎಲ್ಲಿ ಸಿಕ್ತು?”

“ಥಾಯ್ಲೆಂಡ್‌ನದು.”

“ಎಷ್ಟು ಕೊಟ್ರಿ?”

“ಕೊಂಡದ್ದಲ್ಲ. ವಾಪಸ್ ಕೊಡಬೇಕಾದ್ದು.”

ಮಾತು ಇಲ್ಲಿಗೆ ನಿಂತುಬಿಡುತ್ತದೆ. ಮೆಲ್ಬರ್ನ್‌ನಿಂದ ಥಾಯ್ಲೆಂಡಿಗೆ ಒಂದು ಡಬ್ಬಿ ವಾಪಸ್ ಕೊಡಲು ಹೋಗುವವನು ಲೆಕ್ಕದಲ್ಲಿ ದಡ್ಡನಿರಬೇಕು ಎಂದು ಅವರು ಅಂದುಕೊಳ್ಳುತ್ತಾರೆ. ಅದು ತಪ್ಪು. ಲೆಕ್ಕ ಇಡುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಹೈಸ್ಕೂಲಿನಿಂದ ಡೈರಿ ಬರೆಯುತ್ತಿದ್ದೇನೆ. ಎಂದು ಯಾವ ರಸ್ತೆಯಲ್ಲಿ ಎಷ್ಟು ಕಿಲೋಮೀಟರ್ ಸೈಕಲ್ ಹೊಡೆದೆ, ಎಷ್ಟು ಪಂಕ್ಚರ್, ಎಷ್ಟು ಬಾಳೆಹಣ್ಣು ತಿಂದೆ, ಎಷ್ಟು ನಾಯಿ ಬೆನ್ನಟ್ಟಿದವು, ಎಲ್ಲಕ್ಕೂ ಒಂದೊಂದು ಕಾಲಂ ಇದೆ. ನಾಯಿಗಳ ಕಾಲಂ ನೋಡಿ ನಗುವವರು ಒಮ್ಮೆ ಥಾಯ್ಲೆಂಡಿನಲ್ಲಿ ಸೈಕಲ್ ಹೊಡೆಯಬೇಕು.

ಡಬ್ಬಿಯ ವಿಷಯಕ್ಕೆ ಬರಬೇಕಾದರೆ ಮೊದಲು ಧಾರವಾಡಕ್ಕೆ ಹೋಗಬೇಕು. ನಮ್ಮ ಓಣಿಯಲ್ಲಿ ಮನೆಯಿಂದ ಮನೆಗೆ ಸದಾ ಡಬ್ಬಿಗಳು ಓಡಾಡುತ್ತಿದ್ದವು. ಪಾಟೀಲ ಕಾಕು ಹುಗ್ಗಿ ಕಳಿಸಿದರೆ ಅದೇ ಡಬ್ಬಿಯಲ್ಲಿ ನಮ್ಮವ್ವ ಎಣಗಾಯಿ ತುಂಬಿ ಕಳಿಸುತ್ತಿದ್ದಳು. ಎಣಗಾಯಿ ಹೋದ ಡಬ್ಬಿ ಎರಡು ದಿನ ಬಿಟ್ಟು ಅಗಸಿ ಚಟ್ನಿ ತುಂಬಿಕೊಂಡು ಬರುತ್ತಿತ್ತು. ಖಾಲಿ ಡಬ್ಬಿ ವಾಪಸ್ ಕೊಡುವುದೆಂದರೆ ಮಾತು ಬಿಟ್ಟಂತೆ. ಮನೆಯಲ್ಲಿ ಏನೂ ಇಲ್ಲದ ದಿನ ಅವ್ವ ಒಂದು ಮುಷ್ಟಿ ಸಕ್ಕರೆಯನ್ನಾದರೂ ಹಾಕುತ್ತಿದ್ದಳು. ಪಾತ್ರೆಗಳ ಮೇಲೆಲ್ಲ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿರುತ್ತಿದ್ದರು, ಯಾರದು ಯಾರದೆಂದು ಜಗಳ ಬರಬಾರದಲ್ಲ. ಆದರೂ ನಮ್ಮ ಮನೆಗೂ ಕಾಕು ಮನೆಗೂ ನಡುವೆ ವರ್ಷಗಟ್ಟಲೆ ಓಡಾಡಿದ ಒಂದು ಡಬ್ಬಿಯ ಮೇಲೆ ‘ಗಂಗವ್ವ’ ಎಂದಿತ್ತು. ನಮ್ಮ ಓಣಿಯಲ್ಲಿ ಗಂಗವ್ವ ಎಂಬವರು ಯಾರೂ ಇರಲಿಲ್ಲ. ಆ ಡಬ್ಬಿಗೆ ತನ್ನದೆಂಬ ಮನೆ ಇರಲಿಲ್ಲ, ಎರಡು ಮನೆಯೂ ಅದರದೇ ಆಗಿತ್ತು.

ಇನ್ನು, ಮೆಲ್ಬರ್ನ್‌ಗೆ ಮೊದಲಿನ ಸಿಡ್ನಿ. ನಾನೂ ಸುಧಾಕರನೂ ಎಪ್ಪಿಂಗ್‌ನಲ್ಲಿ ಒಂದು ಫ್ಲ್ಯಾಟಿನ ರೆಂಟ್ ಹಂಚಿಕೊಂಡಿದ್ದೆವು. ಸುಧಾಕರ ಉಡುಪಿಯವನು, ಮನೆಮಾತು ತುಳು, ಕೆಲಸ ಫಿಸಿಯೋಥೆರಪಿ. ಲೋಕದ ಮಂಡಿಗಳನ್ನೆಲ್ಲ ಸರಿ ಮಾಡಿ ಬಂದು ಸಂಜೆ ತನ್ನ ಮಂಡಿ ಹಿಡಿದುಕೊಂಡು ಕೂರುತ್ತಿದ್ದ. ನಾನು ಒಂದು ಲ್ಯಾಬಿನಲ್ಲಿ ನೀರಿನ ಪರೀಕ್ಷೆ ಮಾಡುತ್ತಿದ್ದೆ. ಶನಿವಾರ ಇಬ್ಬರೂ ಸೈಕಲ್ ಹತ್ತುತ್ತಿದ್ದೆವು.

ಸಿಡ್ನಿಯಲ್ಲಿ ಕನ್ನಡದವರು ನಮಗೆ ಊಟ ಹಾಕದೆ ಬಿಟ್ಟರು ಎಂದು ಯಾರೂ ತಿಳಿಯಬಾರದು. ಕ್ವೇಕರ್ಸ್ ಹಿಲ್‌ನ ಒಬ್ಬ ಆಂಟಿಯಂತೂ ಬ್ಯಾಚುಲರ್‌ಗಳನ್ನು ಬರಿಗೈಲಿ ಕಳಿಸಿದ್ದೇ ಇಲ್ಲ. ಬಿಸಿಬೇಳೆ ಭಾತ್, ಪಲ್ಯ, ಪಾಯಸ ಎಲ್ಲವನ್ನೂ ಟೇಕ್‌ಅವೇ ಅಂಗಡಿಯ ಪ್ಲಾಸ್ಟಿಕ್ ಡಬ್ಬಗಳಿಗೆ ತುಂಬಿ, ಮುಚ್ಚಳ ಒತ್ತಿ ಕೊಡುತ್ತಿದ್ದರು. ಕೊಡುವಾಗ ಪ್ರತಿ ಸಲವೂ ಒಂದು ಮಾತು ಹೇಳುತ್ತಿದ್ದರು.

“ಡಬ್ಬ ವಾಪಸ್ ತರೋಕೆ ಹೋಗ್ಬೇಡಿ ಆಯ್ತಾ? ಯೂಸ್ ಮಾಡಿ ಬಿಸಾಕಿ.”

ಎಷ್ಟು ಒಳ್ಳೆಯ ಮಾತು! ನಮಗೆ ತೊಂದರೆಯಾಗಬಾರದೆಂದೇ ಹೇಳಿದ್ದು. ಆದರೆ ರೈಲಿನಲ್ಲಿ ಮಡಿಲ ಮೇಲೆ ಬಿಸಿಬೇಳೆ ಭಾತ್ ಇಟ್ಟುಕೊಂಡು ಎಪ್ಪಿಂಗ್‌ಗೆ ಬರುವಾಗ, ಇನ್ನು ಮುಂದೆ ಆ ಮನೆಗೆ ಹೋಗಲು ನನಗೆ ಯಾವ ಕಾರಣವೂ ಉಳಿದಿಲ್ಲ ಎನಿಸುತ್ತಿತ್ತು. ನನಗೆ ಪಿಆರ್ ಬಂದ ದಿನ ಸುಧಾಕರ ಕೇಕ್ ತಂದ. ಆ ದಿನದ ಡೈರಿಯಲ್ಲಿ ಪಿಆರ್ ಬಂತು ಎಂದು ಬರೆದೆ, ಕೇಕ್ ಚಾಕಲೇಟಿನದು ಎಂದು ಬರೆದೆ. ಮುಂದೆ ಬರೆಯಲು ಏನೂ ತೋಚಲಿಲ್ಲ. ಈ ದೇಶದಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು ಎಂಬ ಕಾಗದ ಸಿಕ್ಕಿತ್ತು. ಒಂದು ದಿನ ನಾನು ಕಾಣದೆ ಹೋದರೆ ಯಾರು ಹುಡುಕುತ್ತಾರೆ ಎಂಬುದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಅದೇ ವರ್ಷ, 2005ರ ಕೊನೆಯಲ್ಲಿ, ಕ್ರಿಸ್ಮಸ್ ರಜೆಗೆ ಊರಿಗೆ ಹೋಗಲು ಟಿಕೆಟ್ ಸಿಗಲಿಲ್ಲ. ಸಿಕ್ಕಿದ್ದು ಬ್ಯಾಂಕಾಕ್‌ಗೆ. ಸೈಕಲ್‌ಗಳ ಚಕ್ರ ಕಳಚಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಟೆವು. ಅಲ್ಲಿಂದ ರೈಲಿನಲ್ಲಿ ಈಶಾನ್ಯದ ತುದಿಗೆ ಹೋಗಿ, ಮೆಕಾಂಗ್ ನದಿಯ ದಂಡೆಯ ರಸ್ತೆ ಹಿಡಿದು ಪಶ್ಚಿಮಕ್ಕೆ ಸೈಕಲ್ ಹೊಡೆಯುವುದು ನಮ್ಮ ಯೋಜನೆ. ಬಲಗಡೆ ನದಿ, ನದಿಯಾಚೆ ಲಾವೋಸ್, ಎಡಗಡೆ ಬಾಳೆತೋಟ.

ಮೊದಲ ದಿನವೇ ನನಗೆ ಏನೋ ಗೊತ್ತಿರುವ ಕಡೆ ಬಂದಂತಾಯಿತು. ಮನೆಗಳ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳು ಚೆಲ್ಲಾಡಿದ್ದವು. ಹಿತ್ತಲಿನಿಂದ ಒರಳಲ್ಲಿ ಖಾರ ಕುಟ್ಟುವ ಸದ್ದು ಬರುತ್ತಿತ್ತು. ಚಳಿಗೆ ಬೆಂಕಿ ಹಾಕಿಕೊಂಡು ಕುಳಿತ ಮುದುಕರು ನಮ್ಮನ್ನು ನೋಡಿದ್ದೇ “ಪೈ ನೈ?” ಎಂದು ಕೂಗುತ್ತಿದ್ದರು. ಥಾಯ್ ಮಾತು ಕಲಿಸುವ ಪುಟ್ಟ ಪುಸ್ತಕ ತೆಗೆದು ನೋಡಿದೆ. ಎಲ್ಲಿಗೆ ಹೊರಟಿರಿ ಎಂದರ್ಥ. ಎಪ್ಪಿಂಗ್‌ನಲ್ಲಿ ಹೇಗಿದ್ದೀರಿ ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋಗುವವರನ್ನು ನೋಡಿ ನೋಡಿ ಅಭ್ಯಾಸವಾಗಿದ್ದ ನನಗೆ, ಸಂಬಂಧವಿಲ್ಲದ ಮುದುಕನೊಬ್ಬ ಎಲ್ಲಿಗೆ ಹೊಂಟಿ ಎಂದು ಕೇಳಿದ್ದು ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟಂತೆ ಹಿತವಾಯಿತು. ಸೈಕಲ್ ನಿಲ್ಲಿಸಿ, ನಕಾಶೆ ಬಿಡಿಸಿ, ಪ್ರತಿಯೊಬ್ಬರಿಗೂ ವಿವರವಾಗಿ ಉತ್ತರ ಕೊಟ್ಟೆ.

“ಅವರಿಗೆ ನಿನ್ನ ಉತ್ತರ ಬೇಡ ಮಾರಾಯ,” ಎಂದ ಸುಧಾಕರ. “ಸುಮ್ಮನೆ ಕೇಳುವುದು ಅದು.”

“ನಮ್ಮೂರಾಗೂ ಸುಮ್ಮನ ಕೇಳ್ತಾರ. ಆದ್ರ ಉತ್ತರ ಕೊಡ್ಲಿಕ್ಕೇ ಬೇಕು.”

ಕೇಳಿದವರ ಹೆಸರಿಗೂ ಡೈರಿಯಲ್ಲಿ ಒಂದು ಕಾಲಂ ಹಾಕಿದೆ. ಅದು ನಾಯಿಗಳ ಕಾಲಂಗಿಂತ ಬೇಗ ತುಂಬಿತು.

ಮೂರನೆಯ ದಿನ ಸಂಜೆ ನದಿಯಂಚಿನ ಒಂದು ಸಣ್ಣ ಊರಿನಲ್ಲಿ ತಂಗಿದೆವು. ಒಬ್ಬ ಮುದುಕಿ ತನ್ನ ಮರದ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಊರಿನವರೆಲ್ಲ ಅವಳನ್ನು ಯಾಯಿ ಎಂದು ಕರೆಯುತ್ತಿದ್ದರು. ಹಾಗೆಂದರೆ ಅಜ್ಜಿ. ಧಾರವಾಡದ ಕಡೆ ಅಜ್ಜಿಯನ್ನು ಆಯಿ ಎನ್ನುವವರಿದ್ದಾರೆ, ಹಾಗಾಗಿ ನನ್ನ ನಾಲಿಗೆ ತಡವರಿಸಲಿಲ್ಲ. ನಾನು ಮೀನು, ಮಾಂಸ ತಿನ್ನುವುದಿಲ್ಲ ಎಂಬುದನ್ನು ಕೈಯಲ್ಲಿ ಮೀನು ಈಜಿಸಿ, ಕೋಳಿಯಂತೆ ರೆಕ್ಕೆ ಬಡಿದು ತಿಳಿಸಿದೆ. ಯಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನೊಮ್ಮೆ ಮಾಡು ಎಂದು ಸನ್ನೆ ಮಾಡಿ ಪಕ್ಕದ ಮನೆಯವರನ್ನೂ ಕರೆದಳು.

ಮರುದಿನ ನಾವು ಹತ್ತಿರದ ಜಲಪಾತ ನೋಡಲು ಹೊರಟಾಗ ಅವಳು ಎರಡು ಅಂತಸ್ತಿನ ಎನಾಮಲ್ ಡಬ್ಬಿಯೊಂದನ್ನು ನನ್ನ ಸೈಕಲ್ಲಿನ ಹಿಡಿಕೆಗೆ ನೇತುಹಾಕಿದಳು. ಅದರ ಅಂಚಿಗೆ ಹಸಿರು ಗೆರೆಯಿತ್ತು. ಜಲಪಾತದ ಬಂಡೆಯ ಮೇಲೆ ಕೂತು ಬಿಚ್ಚಿದೆವು. ಮೇಲಿನದರಲ್ಲಿ ಆವಿಯಲ್ಲಿ ಬೇಯಿಸಿದ ಅಂಟು ಅನ್ನ, ಕೆಳಗಿನದರಲ್ಲಿ ಸುಟ್ಟ ಬದನೆಕಾಯಿಯನ್ನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಜಜ್ಜಿದ ಚಟ್ನಿ. ಒಂದು ರೊಟ್ಟಿ ಇದ್ದಿದ್ದರೆ ಧಾರವಾಡವೇ. ಸುಧಾಕರನ ಕಣ್ಣಲ್ಲಿ ನೀರು. ಖಾರಕ್ಕೆ ಎಂದ. ನಾನು ಡಬ್ಬಿಯ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದೆ.

ಸಂಜೆ ಹಿಂದಿರುಗಿ ಡಬ್ಬಿಯನ್ನು ತೊಳೆದು ಒರೆಸಿದೆ. ಯಾಯಿ ಕೈ ಚಾಚಿದಳು. ನಾನು ಡಬ್ಬಿಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

“ಕೊಡು ಮಾರಾಯ, ಪಾಪ ಕೇಳ್ತಾ ಇದ್ದಾಳೆ,” ಎಂದ ಸುಧಾಕರ.

“ಖಾಲಿ ಡಬ್ಬಿ ಹೆಂಗ ಕೊಡ್ಲಿ?”

“ಅದರಲ್ಲಿ ಎಂತ ಹಾಕ್ತಿ ಈಗ? ಪಂಕ್ಚರ್ ಕಿಟ್ಟಾ?”

ಊರಿನ ಒಂದೇ ಅಂಗಡಿಯಲ್ಲಿ ನೂಡಲ್ಸ್ ಪೊಟ್ಟಣ ಮತ್ತು ಸಾಬೂನು ಇದ್ದವು. ಎರಡನ್ನೂ ಹಾಕಿ ಕೊಡುವಂತಿರಲಿಲ್ಲ.

“ಕಾಫಿ ಜೊತೆ ಬಂದ ಸಕ್ಕರೆ ಪೊಟ್ಟಣ ಉಂಟಲ್ಲ, ಎರಡು ಹಾಕಿ ಕೊಡು. ನಿನ್ನ ಅಮ್ಮನೇ ಸಕ್ಕರೆ ಹಾಕ್ತಿದ್ರು ಅಂದಿದ್ದಿ.”

“ಸಕ್ಕರಿ ಓಣಿಯವರಿಗೆ. ಅವರನ್ನ ನಾಳೆ ಮತ್ತ ನೋಡ್ತೀವಿ, ನಾಡದ್ದು ಮತ್ತ ನೋಡ್ತೀವಿ. ಊರು ಬಿಡೂ ದಿನ ಸಕ್ಕರಿ ಹಾಕಿ ಕೊಟ್ಟರ ಹೆಂಗ ಕಾಣ್ತದ?”

“ನಿನಗೆ ಹುಚ್ಚು.”

ಹುಚ್ಚಲ್ಲ, ಪದ್ಧತಿ. ಇಂದಿಗೂ ನನಗೆ ಅದರಲ್ಲಿ ಅನುಮಾನವಿಲ್ಲ. ನಾವು ಹೋಗುವ ದಾರಿಯಲ್ಲೇ, ಸ್ವಲ್ಪ ಮುಂದೆ, ಬೆಳಗಿನ ಸಂತೆಯಿದೆ ಎಂದು ವಿಚಾರಿಸಿಕೊಂಡಿದ್ದೆ. ಬೆಳಿಗ್ಗೆ ಸಾಮಾನು ಕಟ್ಟಿಕೊಂಡು ಇಬ್ಬರೂ ಹೊರಡುವುದು, ಸಂತೆಯಲ್ಲಿ ಒಳ್ಳೆಯದೇನಾದರೂ ತುಂಬಿಸಿಕೊಂಡು ನಾನೊಬ್ಬ ಹಿಂದಿರುಗಿ ಕೊಟ್ಟು, ಮತ್ತೆ ಸುಧಾಕರನನ್ನು ಸೇರಿಕೊಳ್ಳುವುದು. ಕಾಗದದ ಮೇಲೆ ಯೋಜನೆ ಅಚ್ಚುಕಟ್ಟಾಗಿತ್ತು.

ಬೆಳಿಗ್ಗೆ ಯಾಯಿ ಗೇಟಿನ ಹತ್ತಿರ ನಿಂತಿದ್ದಳು. ಮತ್ತೆ ಕೈ ಚಾಚಿದಳು. ನಾನು ಕೈಗಡಿಯಾರ ತೋರಿಸಿ, ಹತ್ತು ಬೆರಳು ಎತ್ತಿ ಹಿಡಿದೆ. ಹತ್ತು ನಿಮಿಷ. ಅವಳು ಗೊಂದಲದಲ್ಲಿ ತಾನೂ ಹತ್ತು ಬೆರಳು ಎತ್ತಿದಳು. ಒಪ್ಪಂದವಾಯಿತು ಎಂದು ನಾನು ಹೊರಟೆ.

ಸಂತೆ ಇನ್ನೂ ಕಾಣುವ ಮೊದಲೇ ಇಳಿಜಾರಿನಲ್ಲಿ ಸುಧಾಕರನಿಗೆ ನಾಯಿಯೊಂದು ಅಡ್ಡ ಬಂತು. ಬೆನ್ನಟ್ಟಿದ್ದಲ್ಲ, ರಸ್ತೆ ದಾಟುತ್ತಿತ್ತು ಅಷ್ಟೇ. ಆದ್ದರಿಂದ ಅದನ್ನು ಯಾವ ಕಾಲಂಗೆ ಸೇರಿಸಬೇಕು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಅವನು ಜಲ್ಲಿಯ ಮೇಲೆ ಬಿದ್ದ. ಎಡಗೈ ಮಣಿಕಟ್ಟು ಯಾವ ಕಡೆ ತಿರುಗಬಾರದೋ ಆ ಕಡೆ ತಿರುಗಿತ್ತು. ಹಿಂದೆ ಬಂದ ಪಿಕಪ್ ಗಾಡಿಯವನು ಒಂದು ಮಾತೂ ಕೇಳದೆ ನಮ್ಮಿಬ್ಬರನ್ನೂ ಸೈಕಲ್ಲುಗಳನ್ನೂ ಹಿಂದಿನ ತೊಟ್ಟಿಗೆ ಹಾಕಿಕೊಂಡು ದೂರದ ಪಟ್ಟಣದ ಆಸ್ಪತ್ರೆಗೆ ಓಡಿಸಿದ. ಅಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು, ಬಸ್ಸಿನಲ್ಲಿ ಬ್ಯಾಂಕಾಕ್, ವಿಮಾನದಲ್ಲಿ ಸಿಡ್ನಿ. ಬ್ಯಾಗಿನಲ್ಲಿ ಹಸಿರು ಅಂಚಿನ ಡಬ್ಬಿ.

ಸಿಡ್ನಿ ಏರ್‌ಪೋರ್ಟಿನಲ್ಲಿ ಆಹಾರ ಪದಾರ್ಥ ತಪಾಸಣೆ ಮಾಡುವ ಹೆಂಗಸು ಡಬ್ಬಿಯನ್ನು ಎತ್ತಿ ಹಿಡಿದು ಒಳಗೇನಿದೆ ಎಂದು ಕೇಳಿದಳು. ಖಾಲಿ ಎಂದೆ. “ಖಾಲಿಯಾ? ಹಾಗಾದರೆ ಏನೂ ತೊಂದರೆಯಿಲ್ಲ,” ಎಂದು ಹಿಂದಕ್ಕೆ ಕೊಟ್ಟಳು. ಖಾಲಿ ಇರುವುದೇ ತೊಂದರೆ ಎಂದು ಅವಳಿಗೆ ತಿಳಿಸಿ ಹೇಳಬೇಕೆನಿಸಿತು. ಹಿಂದೆ ಕ್ಯೂ ಇತ್ತು.

ಆ ಭಾನುವಾರ ಫೋನಿನಲ್ಲಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಗೆಳೆಯನ ಕೈ ಮುರಿದದ್ದಕ್ಕೆ ಅಯ್ಯೋ ಎಂದಳು, ಆಮೇಲೆ ದನಿ ಬದಲಾಯಿತು.

“ಅಲ್ಲೋ ಆನಂದ್ಯಾ, ಮಂದಿ ಡಬ್ಬಿ ಹೊತಗೊಂಡು ಬಂದೀಯೇನು? ಆ ಆಯಿ ಏನಂತಿರಬೇಕು? ಇಂಡಿಯಾದ ಹುಡುಗ್ರು ಕಳ್ಳರು ಅಂತಾಳ!”

“ಖಾಲಿ ಕೊಡಬಾರದು ಅಂತ ನೀನ ಕಲಿಸೀದಿ.”

“ಖಾಲಿ ಕೊಡಬ್ಯಾಡ ಅಂದೆ. ಕೊಡಲೇ ಬ್ಯಾಡ ಅಂದಿದ್ದೆ ಏನು?”

ಪೋಸ್ಟಿನಲ್ಲಿ ಕಳಿಸೋಣವೆಂದರೆ ವಿಳಾಸ ಗೊತ್ತಿರಲಿಲ್ಲ. ಯಾಯಿ, ನದಿಯಂಚಿನ ಮನೆ ಎಂದು ಬರೆದರೆ ಆ ದಂಡೆಯ ಉದ್ದಕ್ಕೂ ಎಷ್ಟು ಅಜ್ಜಿಯರಿಲ್ಲ? ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅವ್ವನ ಮೊದಲ ಪ್ರಶ್ನೆ, “ಡಬ್ಬಿ ಮುಟ್ಟಿಸಿದಿ?” ನನ್ನ ಡೈರಿಯ ಮೊದಲ ಪುಟದಲ್ಲಿ ಬಾಕಿ ಕೆಲಸ ಬರೆದುಕೊಳ್ಳುವ ಜಾಗವಿದೆ. ವರ್ಷ ಬದಲಾದಾಗ ಹೊಸ ಡೈರಿಗೂ ಒಂದೇ ಬಾಕಿ ವರ್ಗವಾಯಿತು: ಯಾಯಿಯ ಡಬ್ಬಿ.

ಆ ವರ್ಷ ನನಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಎಪ್ಪಿಂಗ್ ಫ್ಲ್ಯಾಟ್ ಖಾಲಿ ಮಾಡುವಾಗ ಎಂದಿನಂತೆ ಪಟ್ಟಿ ಹಾಕಿಕೊಂಡೆ. ಕೀ ಏಜೆಂಟಿಗೆ, ಪುಸ್ತಕ ಲೈಬ್ರರಿಗೆ. ಅಷ್ಟೇ. ಅಷ್ಟು ವರ್ಷ ಇದ್ದ ಸಬರ್ಬ್‌ನಲ್ಲಿ ಯಾರ ಮನೆಯ ಬಾಗಿಲಿಗೂ ಹೋಗಿ ಮುಟ್ಟಿಸಬೇಕಾದ್ದು ಏನೂ ಇರಲಿಲ್ಲ. ಇದ್ದದ್ದೊಂದೇ, ಅದು ಮೆಕಾಂಗ್ ದಂಡೆಗೆ ಹೋಗಬೇಕಾದ್ದು. ಖಾಲಿ ಕೋಣೆಯ ಕಾರ್ಪೆಟ್ ಮೇಲೆ ಡಬ್ಬಿಯನ್ನು ಇಟ್ಟುಕೊಂಡು ಕೂತಾಗ, ಆಸ್ಟ್ರೇಲಿಯಾಕ್ಕಿಂತ ಎರಡು ರಾತ್ರಿ ಮಲಗಿದ ಆ ಊರೇ ನನ್ನನ್ನು ಹೆಚ್ಚು ಹಿಡಿದುಕೊಂಡಿದೆ ಎನಿಸಿ ನಗು ಬಂತು. ಸ್ವಲ್ಪ ಹೊತ್ತಿನ ಮೇಲೆ ನಗು ಬರಲಿಲ್ಲ.

ಬಾಕ್ಸ್ ಹಿಲ್‌ಗೆ ಬಂದ ಮೇಲೆ ನಾನು ಒಂದು ನಿರ್ಧಾರ ಮಾಡಿದೆ: ಇನ್ನು ಯಾರಿಗೆ ಏನು ಕೊಟ್ಟರೂ ವಾಪಸ್ ಬರಬೇಕಾದ ಡಬ್ಬಿಯಲ್ಲೇ ಕೊಡುವುದು. ಪಕ್ಕದ ಮನೆಯ ಲಿನ್ ಆಂಟಿ ಹಾಂಗ್‌ಕಾಂಗ್‌ನವರು. ಬೇಲಿಯ ಮೇಲಿಂದ ಪ್ಲಾಸ್ಟಿಕ್ ಚೀಲದಲ್ಲಿ ನಿಂಬೆಹಣ್ಣು ಕೊಟ್ಟರು. ನಾನು ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ತುಂಬಿ ಕೊಟ್ಟೆ. ಕೊಡುವಾಗ ಸ್ಪಷ್ಟವಾಗಿ ಹೇಳಿದೆ, ಡಬ್ಬಿ ನನಗೆ ವಾಪಸ್ ಬೇಕು ಎಂದು. ಅವರು ಸ್ವಲ್ಪ ಬೆದರಿದಂತೆ ಕಂಡರು. ಎರಡು ದಿನ ಡಬ್ಬಿಯ ಸುದ್ದಿಯಿಲ್ಲ. ಮೂರನೆಯ ದಿನ ಬೇಲಿಯ ಮೇಲೆ ನನ್ನ ಡಬ್ಬಿ ಕೂತಿತ್ತು, ಒಳಗೆ ಎಲೆಕೋಸು ತುಂಬಿದ ಬಿಸಿ ಡಂಪ್ಲಿಂಗ್. ಅಂದಿನಿಂದ ನಮ್ಮ ಬೇಲಿಯ ಆ ಹಲಗೆ ತುಸು ಬಾಗಿದೆ. ಕ್ವೇಕರ್ಸ್ ಹಿಲ್ ಆಂಟಿಗೂ ಸಿಡ್ನಿಗೆ ಹೋದಾಗ ಒಂದು ಸ್ಟೀಲ್ ಡಬ್ಬಿ ಕೊಟ್ಟು ಬಂದೆ. ವಾಪಸ್ ಕೊಡಬೇಕು ಎಂದಾಗ, “ಅಯ್ಯೋ, ನಮ್ಮಮ್ಮನ ಹಾಗೇ ಮಾತಾಡ್ತೀಯಲ್ಲಪ್ಪಾ!” ಎಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಆದರೆ ದೊಡ್ಡ ಬಾಕಿ ಹಾಗೇ ಇತ್ತು. ಹೊಸ ಕೆಲಸದಲ್ಲಿ ಮೊದಲ ವರ್ಷ ರಜೆ ಸಿಗಲಿಲ್ಲ. ಮರುವರ್ಷದ ಡಿಸೆಂಬರ್‌ಗೆ ಟಿಕೆಟ್ ಬುಕ್ ಮಾಡಿ ಸುಧಾಕರನಿಗೆ ಫೋನ್ ಹಚ್ಚಿದೆ.

“ಒಂದು ಡಬ್ಬಿಗಾಗಿ?” ಎಂದ.

“ಒಂದು ಡಬ್ಬಿಗಾಗಿ.”

“ನನ್ನ ಕೈ ಮುರಿದದ್ದೂ ಅದಕ್ಕೇ, ಗೊತ್ತುಂಟಾ? ಆ ಸಕ್ಕರೆ ಹಾಕಿ ಕೊಟ್ಟಿದ್ರೆ ಸಂತೆಗೆ ಅಂತ ಅಷ್ಟು ಬೇಗ ಹೊರಡ್ಲಿಕ್ಕೇ ಇರ್ಲಿಲ್ಲ, ಅಷ್ಟರಲ್ಲಿ ಆ ನಾಯಿ ದಾಟಿ ಹೋಗಿರ್ತಿತ್ತು.” ಬೈದು ಮುಗಿಸಿ ಹೇಳಿದ, “ಬರ್ತೇನೆ. ಆದರೆ ಈ ಸಲ ಮುಂದೆ ನೀನು ಹೋಗಬೇಕು.”

ಡಬ್ಬಿಗೆ ಏನು ತುಂಬಬೇಕು ಎಂಬುದನ್ನು ಅವ್ವ ತೀರ್ಮಾನಿಸಿದಳು. ಶೇಂಗಾ ಉಂಡಿ. ಕೆಡುವುದಿಲ್ಲ, ಸೈಕಲ್ ಮೇಲೆ ಕುಲುಕಿದರೂ ಪುಡಿಯಾಗುವುದಿಲ್ಲ. “ಶೇಂಗಾ ಹುರದು ಸಿಪ್ಪಿ ತಗದು ಬೆಲ್ಲ ಹಾಕಿ ಕುಟ್ಟು. ಮಿಕ್ಸರ್‌ನ್ಯಾಗ ತಿರುವಬ್ಯಾಡ, ಎಣ್ಣಿ ಬಿಡ್ತದ.” ಕುಟ್ಟಲು ಒರಳು ಇರಲಿಲ್ಲ. ಲಿನ್ ಆಂಟಿಯ ಮನೆಯಿಂದ ಕಲ್ಲಿನ ಕುಟ್ಟಾಣಿ ತಂದೆ. ವಾಪಸ್ ಕೊಡುವಾಗ ಅದರಲ್ಲಿ ನಾಲ್ಕು ಉಂಡಿ ಇದ್ದವು.

ನದಿ ಅಲ್ಲೇ ಇತ್ತು. ಬೆಂಕಿಯ ಮುಂದಿನ ಮುದುಕರೂ ಅಲ್ಲೇ ಇದ್ದರು. ಎಲ್ಲಿಗೆ ಎಂದು ಕೇಳಿದವರಿಗೆಲ್ಲ ನಾನು ಹಿಡಿಕೆಗೆ ತೂಗುಹಾಕಿದ ಡಬ್ಬಿಯನ್ನು ತೋರಿಸಿದೆ. ಮನೆ ಹತ್ತಿರವಾದಂತೆ ನನ್ನ ಧೈರ್ಯ ಸಣ್ಣದಾಯಿತು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಥಾಯ್ ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ಕಳ್ಳ ಎಂದು ಬೈದರೆ ಏನು ಹೇಳಬೇಕು ಎಂಬುದಕ್ಕೂ ಒಂದು ವಾಕ್ಯವಿತ್ತು.

ಗೇಟಿನೊಳಗೆ ಯಾಯಿ ಬಾಳೆಹಣ್ಣು ಒಣಹಾಕುತ್ತಿದ್ದಳು. ತಲೆಯೆತ್ತಿ ನೋಡಿದಳು. ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು ಬಾಯಿಪಾಠ ಶುರು ಮಾಡಿದೆ. ಅವಳು ನನ್ನನ್ನು ದಾಟಿಕೊಂಡು ನೇರವಾಗಿ ಸುಧಾಕರನ ಹತ್ತಿರ ಹೋದಳು. ಅವನ ಎಡಗೈ ಹಿಡಿದುಕೊಂಡಳು. ಮಣಿಕಟ್ಟನ್ನು ಆ ಕಡೆ ಈ ಕಡೆ ತಿರುಗಿಸಿದಳು, ಒತ್ತಿದಳು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದಳು. ಪರೀಕ್ಷೆ ಮುಗಿದ ಮೇಲೆ ಅದರ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದಳು. ಜೀವಮಾನವಿಡೀ ಬೇರೆಯವರ ಕೈಕಾಲು ತಿರುಗಿಸಿದ ಫಿಸಿಯೋಥೆರಪಿಸ್ಟ್ ಮಗುವಿನ ಹಾಗೆ ಕೈ ಕೊಟ್ಟು ನಿಂತಿದ್ದ.

ಒಳಗಿನಿಂದ ಅವಳ ಮಗಳು ನೋಯ್ ಬಂದಳು. ಬ್ಯಾಂಕಾಕ್‌ನ ಹೋಟೆಲಿನಲ್ಲಿ ಕೆಲಸ ಮಾಡಿ ಬಂದವಳು, ಇಂಗ್ಲಿಷ್ ಬರುತ್ತಿತ್ತು. ಪಿಕಪ್ ಗಾಡಿಯವನು ಅಂದೇ ಸಂಜೆ ಊರಿಗೆಲ್ಲ ಸುದ್ದಿ ಹೇಳಿದ್ದನಂತೆ. ಅಂದಿನಿಂದ ಅಮ್ಮನಿಗೆ ಆ ಕೈ ಸರಿಯಾಗಿ ಕೂಡಿತೋ ಇಲ್ಲವೋ ಎಂಬ ಚಿಂತೆಯಂತೆ.

“ಮತ್ತೆ ಡಬ್ಬಿ?” ಎಂದು ಕೇಳಿದೆ.

“ಯಾವ ಡಬ್ಬಿ? ಅಮ್ಮನ ಹತ್ತಿರ ಇಂಥವು ಬೇಕಾದಷ್ಟಿವೆ. ನೀವು ಇದಕ್ಕಾಗಿ ಬಂದಿರಾ?”

“ಸರಿಯಾಗಿ ಕೇಳಿದಳು ನೋಡು,” ಎಂದ ಸುಧಾಕರ. “ಇದನ್ನೇ ನಾನು ದಾರಿಯಿಡೀ ಕೇಳ್ತಾ ಬಂದದ್ದು.”

ಯಾಯಿ ಡಬ್ಬಿಯ ಮುಚ್ಚಳ ತೆಗೆದಳು. ಮೂಸಿ ನೋಡಿ ಒಂದು ಉಂಡಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿಯುತ್ತ ಈಗ ಮೊದಲ ಬಾರಿಗೆ ನನ್ನ ಮುಖವನ್ನು ಸರಿಯಾಗಿ ನೋಡಿದಳು. ಕೈಯಲ್ಲಿ ಮೀನು ಈಜಿಸಿದಳು. ರೆಕ್ಕೆ ಬಡಿದಳು. ಆಮೇಲೆ ಹತ್ತು ಬೆರಳು ಎತ್ತಿ ಏನೋ ಹೇಳಿದಳು. ನೋಯ್ ನಗುತ್ತ ಅನುವಾದಿಸಿದಳು.

“ಬಹಳ ಉದ್ದದ ಹತ್ತು ನಿಮಿಷ ಅನ್ನುತ್ತಾಳೆ.”

ಆ ರಾತ್ರಿ ಡೈರಿಯಲ್ಲಿ ಬಾಕಿ ಹೊಡೆದು ಹಾಕಿದೆ. ವಿಚಿತ್ರವೆಂದರೆ ಸಮಾಧಾನವಾಗುವ ಬದಲು ಎಪ್ಪಿಂಗ್‌ನ ಖಾಲಿ ಕೋಣೆಯಲ್ಲಿ ಕೂತಂತಾಯಿತು. ಇನ್ನು ಇಲ್ಲಿಗೆ ಬರಲು ನೆವವೇ ಇಲ್ಲವಲ್ಲ.

ಮರುದಿನ ಸೈಕಲ್ ಹತ್ತುವಾಗ ಯಾಯಿ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಡಬ್ಬಿ. ಈ ಸಲದ್ದು ನೀಲಿ ಅಂಚಿನದು, ಬಿಸಿಯಿತ್ತು.

“ತಗೊಳ್ಳಬೇಡ ಆನಂದ!” ಎಂದು ಸುಧಾಕರ ಕೂಗಿದ. “ಕೈ ಮುಗಿತೇನೆ, ತಗೊಳ್ಳಬೇಡ ಮಾರಾಯ!”

ಅಷ್ಟರಲ್ಲಿ ಅವಳು ಅದನ್ನು ನನ್ನ ಹಿಡಿಕೆಗೆ ನೇತುಹಾಕಿಯಾಗಿತ್ತು. ನಾನು ಪೆಡಲ್ ತುಳಿದೆ. ಗೇಟು ದಾಟಿ ರಸ್ತೆಗೆ ಬಂದು ಹಿಂದಿರುಗಿ ನೋಡಿದರೆ ಅವಳಿನ್ನೂ ನಿಂತೇ ಇದ್ದಳು, ಕೈ ಚಾಚದೆ.

ನಾನು ಹ್ಯಾಂಡಲ್ ಬಿಟ್ಟು ಎರಡೂ ಕೈ ಮೇಲೆತ್ತಿ, ಹತ್ತು ಬೆರಳು ತೋರಿಸಿದೆ.